ಮಾಲೆ ಹಾಕಿದ ಮೂರನೆಯ ದಿನ

ಆ ಭಾನುವಾರ ಬೆಳಿಗ್ಗೆ ನಾನು ಚಾಳಿನ ಗ್ಯಾಲರಿಯಲ್ಲಿ ಕೂತು ರೇಷನ್ ಜೋಳ ಹಸನು ಮಾಡುತ್ತಿದ್ದೆ. ಎಪ್ಪತ್ತರ ದಶಕದ ಶುರುವಿನ ಮಾತು. ಆಗ ರೇಷನ್ ಅಂಗಡಿಯಲ್ಲಿ ಮಿಲೋ ಅಂತ ಕೆಂಪು ಜೋಳ ಕೊಡುತ್ತಿದ್ದರು, ಹಡಗಿನಲ್ಲಿ ಬಂದದ್ದು. ವಿಜಾಪುರದ ಬಿಳಿ ಜೋಳ ಉಂಡು ಬೆಳೆದ ನಮ್ಮ ನಾಲಗೆಗೆ ಅದು ಹತ್ತುತ್ತಿರಲಿಲ್ಲ. ರೊಟ್ಟಿ ಬಡಿದರೆ ಅಂಚು ಬಿರಿಯುತ್ತಿತ್ತು. ಆದರೂ ಹೊಟ್ಟೆ ತುಂಬುತ್ತಿತ್ತಲ್ಲ, ಅದನ್ನು ನಾನು ದೇವರ ದಯೆ ಎಂದೇ ಲೆಕ್ಕ ಹಿಡಿಯುತ್ತಿದ್ದೆ. ಹೊರಗೆ ಆಷಾಢದ ಮಳೆ. ಮೊರದಲ್ಲಿ ಒಂದು ಹಿಡಿ ಕೇರಿ ಹರಳು ತೆಗೆದು, ಇನ್ನೊಂದು ಹಿಡಿ ಹಾಕಿಕೊಳ್ಳುವಷ್ಟರಲ್ಲಿ ನನ್ನ ಮಗಳು ಮೆಟ್ಟಿಲು ಹಾರಿಕೊಂಡು ಬಂದಳು. ಒಂಬತ್ತು ವರ್ಷದವಳು, ಪರಕಾರ ಮೊಣಕಾಲತನಕ ತೊಯ್ದಿತ್ತು.

"ಅವ್ವಾ, ಲಗೂನ ಬಾ! ಅಪ್ಪನ ಮೈಮ್ಯಾಲೆ ದೇವರು ಬಂದಾನ!"

ನನಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಮೊರ ಕೆಳಗಿಟ್ಟು, ಜೋಳದ ಧೂಳು ಹತ್ತಿದ ಕೈಯನ್ನೇ ಜೋಡಿಸಿ, "ವಿಠ್ಠಲಾ, ಕೇಳಿದ್ಯಪ್ಪಾ ನನ್ನ ಮಾತು" ಎಂದೆ. ಸೆರಗು ಸರಿಮಾಡಿಕೊಂಡು ಹೊರಟೆ.

ಇಷ್ಟು ಹೇಳಿದ ಮೇಲೆ ನಮ್ಮ ಯಜಮಾನರ ಕುಡಿತದ ವಿಷಯ ಹೇಳಲೇಬೇಕು.

ನಾವಿದ್ದದ್ದು ಸಯನ್‌ನಲ್ಲಿ, ಧಾರಾವಿಗೆ ಹೊಂದಿದಂತಿದ್ದ ಒಂದು ಚಾಳಿನಲ್ಲಿ. ಯಜಮಾನರು ಚೆಂಬೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್. ದೊಡ್ಡ ದೊಡ್ಡ ಕೊಳವೆಗಳಿಗೆ ವಾಲ್ವು ಕೂಡಿಸುವುದು, ಸೋರದಂತೆ ಬಿಗಿ ಮಾಡುವುದು ಅವರ ಕೆಲಸ. ಕೈಗೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಜೊತೆಯವರೇ ಹೇಳುತ್ತಿದ್ದರು. ಮೊದಲು ಕುಡಿದದ್ದು ಮೈನೋವಿಗೆ ಅಂತ. ಶನಿವಾರ ಅರ್ಧ ಗ್ಲಾಸು. ಆಮೇಲೆ ದಿನಾ ಸಂಜೆ. ಒಂಬತ್ತು ವರ್ಷಕ್ಕೆ ಅದು ಎಲ್ಲಿಗೆ ಬಂದಿತ್ತೆಂದರೆ, ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆಯೇ ಒಂದು ಗ್ಲಾಸು ಬೇಕು. ಇಲ್ಲದಿದ್ದರೆ ಕೈ ನಡುಗಿ ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಕುಡಿದ ಮೇಲೆ ಕೈ ಸ್ಥಿರವಾಗುತ್ತಿತ್ತು. ನಾನು ಅದನ್ನು ಬರೀ ಕೆಟ್ಟ ಚಟ ಎಂದುಕೊಂಡಿದ್ದೆ. ಮನಸ್ಸು ಗಟ್ಟಿ ಮಾಡಿದರೆ ಬಿಟ್ಟುಹೋಗುತ್ತದೆ ಎಂದುಕೊಂಡಿದ್ದೆ. ಒಳಗಿನ ದೇಹವೇ ಅದರ ಮೇಲೆ ನಿಂತಿತ್ತು ಎಂದು ನನಗೆ ಯಾರು ಹೇಳಬೇಕಿತ್ತು?

ಅವರೊಬ್ಬರದೇ ಕತೆಯಲ್ಲ ಅದು. ನಮ್ಮ ಚಾಳಿನಲ್ಲಿ ಕುಡಿಯದ ಗಂಡಸರು ಯಾರು ಎಂದು ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ ಹೇಳಬೇಕಾಗುತ್ತಿತ್ತು. ದಾರೂಬಂದಿ ಕಾನೂನು ಇತ್ತು, ಆದರೆ ಡಾಕ್ಟರ ಚೀಟಿ ತಂದು ಪರ್ಮಿಟ್ ಮಾಡಿಸಿಕೊಳ್ಳುವವರಿಗೆ ಬಾಟಲಿಯಲ್ಲಿ ಸಿಗುತ್ತಿತ್ತು. ನಮ್ಮಂಥವರ ಗಂಡಂದಿರಿಗೆ ಖಾಡಿಯ ಕಡೆ, ಸಮುದ್ರದ ಹಿನ್ನೀರಿನ ಕೆಸರಿನಲ್ಲಿ, ಭಟ್ಟಿ ಇಳಿಸಿದ್ದು. ಬೆಲ್ಲ, ನವಸಾಗರ, ಕೊಳೆತ ಹಣ್ಣು, ಇನ್ನೂ ಏನೇನು ಹಾಕುತ್ತಿದ್ದರೋ. ಒಂದು ಹೋಳಿ ಹುಣ್ಣಿಮೆಗೆ ಅದನ್ನೇ ಕುಡಿದು ಪಕ್ಕದ ಓಣಿಯ ಇಬ್ಬರು ಕಣ್ಣು ಕಳೆದುಕೊಂಡರು. ಮರುದಿನವೂ ಮಾರಾಟ ನಿಲ್ಲಲಿಲ್ಲ. ಸರಕು ತರುತ್ತಿದ್ದವಳು ಒಬ್ಬ ಹೆಂಗಸು. ಗಾಡಿ ಚಕ್ರದ ರಬ್ಬರ್ ಟ್ಯೂಬಿನಲ್ಲಿ ತುಂಬಿ, ಸೀರೆಯೊಳಗೆ ಹೊಟ್ಟೆಗೆ ಸುತ್ತಿಕೊಂಡು ಬರುತ್ತಿದ್ದಳು. ವರ್ಷದ ಹನ್ನೆರಡು ತಿಂಗಳೂ ಬಸುರಿ.

"ಈಕೀದು ಹೆರಿಗಿ ಯಾವಾಗಂತ?" ಎಂದು ನಾನು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದಕ್ಕೆ, ನಮ್ಮ ಬಾಜೂ ಖೋಲಿಯ ಆಪಾ, "ದಿನಾ ಸಂಜೀ ಆರಕ್ಕ ಹಡೀತಾಳಲ್ಲ ತಂಗಿ, ನೋಡಿಲ್ಲೇನ?" ಎಂದು ನಕ್ಕಿದ್ದಳು.

ಆಪಾ ಕೂಡ ನಮ್ಮ ವಿಜಾಪುರದ ಕಡೆಯವಳೇ. ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ. ಅವಳ ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವಳಾದ್ದರಿಂದ ನಾನೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ.

ಯಜಮಾನರು ಕುಡಿದು ಹೊಡೆಯುವವರಲ್ಲ. ಕುಡಿದು ಮಲಗುವವರು. ಆದರೆ ಆ ವರ್ಷ ಒಂದು ಬೆಳಿಗ್ಗೆ, ಸರಕು ಬಂದಿರಲಿಲ್ಲವೋ ಏನೋ, ಮಗಳು ಓದುತ್ತ ಕೂತಾಗ ಅವರ ಕೈಯಿಂದ ಬಿಸಿ ಚಹಾ ಅವಳ ತೊಡೆಯ ಮೇಲೆ ಬಿತ್ತು. ಹುಡುಗಿ ಅಳಲಿಲ್ಲ. "ಇರ್ಲಿ ಬಿಡಪ್ಪಾ, ನಿನ್ನ ಕೈ ಹಂಗ ಐತಿ" ಎಂದಳು. ಅವರು ಚೆಲ್ಲಿದ ಚಹಾ ತಾವೇ ಒರೆಸಿ, "ಈ ಏಕಾದಶಿಗೆ ಮಾಲಿ ಹಾಕ್ಕೊಂತೀನಿ" ಎಂದರು.

ಮಾಲೆ ಎಂದರೆ ಪಂಢರಪುರದ ತುಳಸಿ ಮಣಿಯ ಮಾಲೆ. ಅದನ್ನು ಕೊರಳಿಗೆ ಹಾಕಿಕೊಂಡವರು ಮಾಂಸ, ಹೆಂಡ ಮುಟ್ಟುವಂತಿಲ್ಲ. ಮಾಲೆ ಹಾಕಿಕೊಂಡೇ ಕುಡಿತ ಬಿಟ್ಟವರು ನಮ್ಮ ಕಡೆ ಬಹಳ. ನಮ್ಮ ಚಾಳಿನ ಕೆಳ ಅಂತಸ್ತಿನಲ್ಲಿ ಭಜನಾ ಮಂಡಳಿಯ ಖೋಲಿ ಇತ್ತು. ಅದನ್ನು ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ ಬುವಾ ಎನ್ನುತ್ತಿದ್ದರು. ಬಟ್ಟೆ ಮಿಲ್ಲಿನಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯ. ನಾನು ಅವರಲ್ಲಿಗೆ ಹೋಗಿ ಕಾಲು ಮುಟ್ಟಿ ಕೇಳಿಕೊಂಡೆ. "ಬುವಾ, ಏಕಾದಶಿಯಿಂದ ಮೂರು ದಿನ ಅವರನ್ನ ನಿಮ್ಮ ಖೋಲ್ಯಾಗ ಇಟಗೋರಿ. ಹೊರಗ ಬಿಡಬ್ಯಾಡ್ರಿ. ಒಂದು ಹನಿ ಸುದ್ದಾ ಹೋಗಬಾರದು."

"ಮೂರು ದಿನ ದಾಟಿಸಿದ್ರ ಮುಂದ ಆತ ನೋಡ್ಕೋತಾನ ತಂಗಿ," ಎಂದು ಅವರು ಮೇಲಿನ ವಿಠ್ಠಲನ ಪಟ ತೋರಿಸಿದ್ದರು.

ಹೀಗೆ ಒಂಬತ್ತು ವರ್ಷದ ಕುಡಿತವನ್ನು ನಾನು ಒಂದು ಶುಕ್ರವಾರ ಬೆಳಿಗ್ಗೆ ಕತ್ತರಿಸಿಬಿಟ್ಟೆ. ಬೇರೆ ಯಾರನ್ನೂ ಕೇಳಲಿಲ್ಲ. ನನಗೆ ಅಷ್ಟು ಧೈರ್ಯವಿತ್ತು, ಅಷ್ಟೇ ಅಜ್ಞಾನವೂ ಇತ್ತು.

ಶುಕ್ರವಾರ ಏಕಾದಶಿ, ನಿರಾಹಾರ. ಮೈ ನಡುಗುತ್ತಿದೆ ಎಂದು ಸುದ್ದಿ ಬಂತು. ಉಪವಾಸದ ನಿಶ್ಶಕ್ತಿ ಎಂದುಕೊಂಡೆವು. ಶನಿವಾರ ದ್ವಾದಶಿಯ ಪಾರಣೆಗೆ ಡಬ್ಬಿ ಕಳಿಸಿದರೆ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಒಯ್ದ ಮಗಳು, "ಅಪ್ಪ ಉಣ್ಣಲಿಲ್ಲವ್ವಾ. ಗ್ವಾಡಿ ಮ್ಯಾಲಿನ ಇರುವಿ ಆರಸಾಕತ್ತಿದ್ದ. ನನಗ ಒಂದೂ ಕಾಣಲಿಲ್ಲ" ಎಂದಳು.

"ಮಳಿಗಾಲ, ಇರುವಿ ಇರ್ತಾವ," ಎಂದು ನಾನು ಡಬ್ಬಿ ತೊಳೆದಿಟ್ಟೆ. ನನ್ನ ಮುಖ ಕಂಡರೆ ಮನೆಗೆ ಬರುತ್ತೇನೆಂದು ಹಟ ಹಿಡಿಯುತ್ತಾರೆ ಅಂತ, ಎರಡು ಮಹಡಿ ಕೆಳಗಿದ್ದವರನ್ನು ನಾನು ಹೋಗಿ ನೋಡಲೇ ಇಲ್ಲ. ಇವತ್ತಿಗೂ ಆ ಡಬ್ಬಿ ತೊಳೆದದ್ದು ನೆನಪಾದರೆ ಕೈ ಒಂದು ಕ್ಷಣ ನಿಲ್ಲುತ್ತದೆ.

ಭಾನುವಾರ ನಾನು ಕೆಳಗೆ ಇಳಿದಾಗ ಖೋಲಿಯ ಮುಂದೆ ಚಪ್ಪಲಿಗಳ ರಾಶಿ, ಒದ್ದೆ ಛತ್ರಿಗಳು. ಪಕ್ಕದ ಚಾಳಿನ ಮರಾಠಿ ಹೆಂಗಸರೂ ತೆಂಗಿನಕಾಯಿ, ಅರಿಶಿನ ಕುಂಕುಮ ಹಿಡಿದು ಬಂದಿದ್ದರು. ವಿಠ್ಠಲನನ್ನು ತಾಯಿ ಎಂದು ಕರೆಯುವ "ಮಾವುಲಿ, ಮಾವುಲಿ" ಎಂಬ ಕೂಗು. ಜನ ನನಗೆ ದಾರಿ ಬಿಟ್ಟರು. "ಸರೀರಿ, ಸರೀರಿ, ಮನಿಯಾಕಿ ಬಂದ್ಲು." ಕುಡುಕನ ಹೆಂಡತಿಗೆ ಅಷ್ಟು ಮರ್ಯಾದೆ ಅಲ್ಲಿತನಕ ಯಾರೂ ಕೊಟ್ಟಿರಲಿಲ್ಲ. ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು.

ಅವರನ್ನು ಪಟದ ಮುಂದೆ ಮಣೆಯ ಮೇಲೆ ಕೂಡಿಸಿದ್ದರು. ಹಣೆ ತುಂಬ ಬುಕ್ಕಿಟ್ಟಿನ ಕಪ್ಪು ಪುಡಿ, ಕೊರಳಲ್ಲಿ ತುಳಸಿ ಮಾಲೆಯ ಮೇಲೆ ಮೂರು ನಾಲ್ಕು ಹೂವಿನ ಹಾರ. ಅಂಗಿ ಬೆವರಿಗೆ ಮೈಗೆ ಅಂಟಿಕೊಂಡಿತ್ತು. ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿದಿತ್ತು, ಬಲಗೈ ಅದರ ಮೇಲೆ ಸುತ್ತುತ್ತಿತ್ತು. ಒಂದೇ ಸಮನೆ.

"ಚಕ್ರ ತಿರಗಸಾಕತ್ಯಾನ ನೋಡ್ರಿ, ಸುದರ್ಶನ ಚಕ್ರ!" ಎಂದು ಯಾರೋ ಹೇಳಿದರು. ಎಲ್ಲರೂ ಕೈಮುಗಿದರು.

ಒಬ್ಬ ತಾಯಿ ಮುಂದೆ ಬಾಗಿ, "ಮಾವುಲೀ, ನನ್ನ ಮಗನ ನೌಕರಿ ಕಾಯಂ ಯಾವಾಗ ಆಗತೈತಿ?" ಎಂದು ಕೇಳಿದಳು.

ಯಜಮಾನರು ಅವಳ ಕಡೆ ನೋಡದೆ, "ಬಿಗಿ ಮಾಡ್ರಿ, ಬಿಗಿ ಮಾಡ್ರಿ! ಸೋರಾಕತ್ತೈತಿ!" ಎಂದು ಒದರಿದರು.

"ಹೌದಪ್ಪಾ, ನನ್ನ ಮನ್ಯಾಗ ರೊಕ್ಕ ಸೋರೂದು ಖರೇ," ಎಂದು ಆಕೆ ಗಲ್ಲ ಗಲ್ಲ ಬಡಿದುಕೊಂಡಳು.

ನಾನೂ ಬಾಗಿ ಅವರ ಪಾದಕ್ಕೆ ಹಣೆ ಹಚ್ಚಿದೆ. ಪಾದ ಕಾದ ಹಂಚಿನಂತಿತ್ತು. ಬೆಚ್ಚಿ ತಲೆ ಎತ್ತಿದೆ. ಅಷ್ಟು ಹತ್ತಿರದಿಂದ ಮುಖ ನೋಡಿದ ಮೇಲೆ ಎರಡು ಸಂಗತಿ ಕಂಡವು.

ಒಂದು, ಅವರ ನಾಲಗೆಯ ತುದಿ ಬಾಯಿಯ ಬಲ ಮೂಲೆಯಿಂದ ಸ್ವಲ್ಪ ಹೊರಗಿತ್ತು. ನಮ್ಮ ಮನೆಯ ನಳ ಸೋರಿದಾಗಲೆಲ್ಲ ಅವರು ಹೀಗೇ ನಾಲಗೆ ಮೂಲೆಗೆ ಒತ್ತಿ, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ತಿರುಗಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಅದನ್ನು ಆಡಿಕೊಂಡು ನಗುತ್ತಿದ್ದೆ. ಇನ್ನೊಂದು, ಅವರ ಕಣ್ಣಲ್ಲಿ ಹೆದರಿಕೆ ಇತ್ತು. ನೀರು ನುಗ್ಗಿ ಬರುತ್ತಿದೆ, ಕೈ ಬಿಟ್ಟರೆ ಎಲ್ಲ ಮುಳುಗುತ್ತದೆ ಎನ್ನುವಂಥ ಹೆದರಿಕೆ.

ದೇವರು ಮೈಮೇಲೆ ಬರುವುದನ್ನು ನಾನು ಚಿಕ್ಕಂದಿನಿಂದ ಕಂಡವಳು. ನನ್ನ ಸೋದರತ್ತೆಗೆ ಪ್ರತಿ ವರ್ಷ ದೇವಿ ಬರುತ್ತಿದ್ದಳು. ಡೊಳ್ಳು ಬಾರಿಸಿದಾಗ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಕರ್ಪೂರ ಬೆಳಗಿದ ಮೇಲೆ ಹೋಗುತ್ತಿದ್ದಳು. ಅತ್ತೆ ಒಂದು ತಂಬಿಗೆ ನೀರು ಕುಡಿದು ಮನೆಗೆ ಬಂದು ಅಡಿಗೆ ಮಾಡುತ್ತಿದ್ದಳು. ಹೆದರಿದ ದೇವರನ್ನು ನಾನು ಎಂದೂ ನೋಡಿರಲಿಲ್ಲ.

ಅಷ್ಟರಲ್ಲಿ ಅವರು ಕೈ ಚಾಚಿ, "ಹನ್ನೆರಡನೇ ನಂಬರ್ ಸ್ಪ್ಯಾನರ್ ಕೊಡ್ರಿ" ಎಂದರು.

"ಬುವಾ," ಎಂದೆ ನಾನು. "ಇದು ದೇವರಲ್ಲ."

ಭಜನೆಯ ತಾಳಗಳು ನಿಂತವು. ಬುವಾ ನನ್ನ ಕಡೆ ತಿರುಗಿದರು. "ಏನಂದಿ ತಂಗಿ?"

"ಇದು ವಾಲ್ವು ರೀ. ಕಾರಖಾನ್ಯಾಗ ದಿನಾ ಬಿಗಿ ಮಾಡ್ತಾರಲ್ಲ, ಅದು. ಇವರಿಗೆ ತಾವು ಎಲ್ಲಿ ಅದೀವಿ ಅನ್ನೂದು ಗೊತ್ತಿಲ್ಲ. ಮೈ ಮುಟ್ಟಿ ನೋಡ್ರಿ, ಸುಡಾಕತ್ತೈತಿ."

ಹಿಂದಿನಿಂದ ಒಬ್ಬ ಮುದುಕಿ, "ಗಂಡ ಕುಡದು ಬಂದಾಗ ಬಾಯಿ ಮುಚಗೊಂಡಿದ್ಲು, ದೇವರು ಬಂದಾಗ ಈಕೀಗೆ ಬಾಯಿ ಬಂತು ನೋಡ್ರಿ!" ಎಂದಳು. ನಾಲ್ಕು ಜನ ನಕ್ಕರು.

ನನಗೆ ಸಿಟ್ಟು ಬಂತು. ಆ ಸಿಟ್ಟೂ ದೇವರೇ ಕೊಟ್ಟದ್ದಿರಬೇಕು. ಪಟದ ಕಡೆ ಬೆರಳು ಮಾಡಿದೆ. "ಅಜ್ಜೀ, ವಿಠ್ಠಲನ ಎರಡೂ ಕೈ ಟೊಂಕದ ಮ್ಯಾಲೆ ಅದಾವ. ಇಟ್ಟಂಗಿ ಮ್ಯಾಲೆ ಸುಮ್ಮನ ನಿಂತ ದೇವರು ಅವ. ಆತ ಚಕ್ರ ತಿರಗಿಸಿದ್ದು ನೀ ಯಾವಾಗ ನೋಡೀ?"

ಎಲ್ಲರೂ ಪಟ ನೋಡಿದರು. ಬುವಾ ಕೂಡ, ದಿನಾ ಪೂಜಿಸುವ ಪಟವನ್ನು ಹೊಸದಾಗಿ ನೋಡುವಂತೆ ನೋಡಿದರು.

ಆಗ ಬಾಗಿಲಾಚೆ ನಿಂತಿದ್ದ ಆಪಾಳ ದನಿ ಕೇಳಿತು. "ಆಕಿ ಹೇಳೂದು ಖರೇ ಐತ್ರಿ ಬುವಾ. ನಮ್ಮ ಭಾಯಿಜಾನಗೂ ಹಿಂಗ ಆಗಿತ್ತು. ಕಸಮ್ ತಗೊಂಡು ಒಮ್ಮೆಕ್ಕಲೇ ದಾರೂ ಬಿಟ್ಟ. ಮೂರನೇ ದಿನಕ್ಕ ಹಿಂಗ ಬಡಬಡಸಾಕ ಹತ್ತಿದ. ಜಿನ್ನ ಹೊಕ್ಕೈತಿ ಅಂತ ನಾವು ದರ್ಗಾದಾಗ ಕೂಡಿಸಿದ್ವಿ. ನಾಕನೇ ದಿನ ಹೋಗಿಬಿಟ್ಟ. ದವಾಖಾನಿಗೆ ತಂದಿದ್ರ ಉಳೀತಿದ್ದ ಅಂತ ಆಮ್ಯಾಲೆ ಡಾಕ್ಟರ್ ಹೇಳಿದ್ರು." ಅವಳು ಇಷ್ಟು ವರ್ಷ ಪಕ್ಕದಲ್ಲಿದ್ದೂ ಈ ಮಾತನ್ನು ನನಗೆ ಹೇಳಿರಲಿಲ್ಲ. "ನಮ್ಮ ಮನಿಯವರ ಗಾಡಿ ಕೆಳಗ ನಿಂತೈತಿ. ಏಳು ತಂಗಿ."

ನಾನು ಎದ್ದೆ. ಬುವಾ ಅಡ್ಡ ಬರಲಿಲ್ಲ, ಆದರೆ ಮೆಲ್ಲಗೆ ಹೇಳಿದರು. "ದವಾಖಾನ್ಯಾಗ ಮಾಲಿ ತಗಸ್ತಾರ ತಂಗಿ. ಹಾಕಿದ ಮೂರನೇ ದಿನಕ್ಕ ಮಾಲಿ ತಗದ್ರ ಏನಾಗತೈತೋ, ನನ್ನ ಕೈಯಾಗಿಲ್ಲ."

"ಮಾಲಿ ನಾ ಜ್ವಾಕಿ ಮಾಡ್ತೀನ್ರಿ," ಎಂದೆ. "ಕೊರಳು ಉಳದ್ರ ಮಾಲಿಗೆ ಜಾಗಾ ಇರ್ತೈತಿ."

ಬುವಾ ಕೊರಳಿಗೆ ಹಾಕಿಕೊಂಡಿದ್ದ ಭಜನೆಯ ವೀಣೆ ತೆಗೆದು ಗೋಡೆಗೆ ಒರಗಿಸಿ, ತಾವೇ ಬಾಗಿ ಯಜಮಾನರ ಕಂಕುಳಲ್ಲಿ ಕೈ ಹಾಕಿ ಎತ್ತಿದರು. ಆ ಹಿರಿಯರ ದೊಡ್ಡತನ ಅದು. ಮಗಳನ್ನು ಆಪಾ ತನ್ನ ಹತ್ತಿರ ಇಟ್ಟುಕೊಂಡಳು.

ಟ್ಯಾಕ್ಸಿಯಲ್ಲಿ ಬುವಾ ಕಾಲು ಹಿಡಿದರು, ನಾನು ತಲೆ ಹಿಡಿದೆ. ಆಪಾಳ ಗಂಡ ಹಾರ್ನ್ ಒತ್ತುತ್ತಲೇ ಓಡಿಸಿದರು. ಹತ್ತಿರವೇ ದೊಡ್ಡ ಆಸ್ಪತ್ರೆ ಇದ್ದದ್ದು, ಭಾನುವಾರವಾದ್ದರಿಂದ ರಸ್ತೆ ಖಾಲಿ ಇದ್ದದ್ದು, ಮಳೆ ಆ ಹತ್ತು ನಿಮಿಷ ಹನಿಯಾಗಿ ಇಳಿದದ್ದು, ಇವನ್ನೆಲ್ಲ ನಾನು ಆಗಲೇ ಒಂದೊಂದಾಗಿ ದೇವರ ಲೆಕ್ಕಕ್ಕೆ ಹಾಕುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರಿಗೆ ಮೂರ್ಛೆ ಬಂತು. ಇಡೀ ಮೈ ಸೆಟೆದು, ಕಣ್ಣು ಮೇಲೆ ಸಿಕ್ಕಿ, ಬಾಯಲ್ಲಿ ನೊರೆ. ಅಲ್ಲಿಂದ ಸ್ಟ್ರೆಚರಿನಲ್ಲಿ ಒಳಗೆ ಒಯ್ದರು.

ಒಬ್ಬ ಲೇಡಿ ಡಾಕ್ಟರ್ ಬಂದರು. ವಯಸ್ಸು ಚಿಕ್ಕದು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಜ್ವರ ನೋಡಿ, ನಾಡಿ ನೋಡಿ, ಮರಾಠಿಯಲ್ಲಿ ಸರಸರ ಕೇಳಿದರು. ಜ್ವರ ಎಷ್ಟು ದಿನದಿಂದ? ತಲೆಗೆ ಪೆಟ್ಟು ಬಿದ್ದಿತ್ತೇ? ಮೊದಲು ಮೂರ್ಛೆ ಬರುತ್ತಿತ್ತೇ? ಕುಡಿಯುತ್ತಾರೆಯೇ?

ಬುವಾ ತಕ್ಷಣ, "ನಾಹೀ ಡಾಕ್ಟರ್‌ಬಾಯಿ. ಮಾಳಕರಿ ಆಹೇತ. ದಾರೂಲಾ ಶಿವತ ನಾಹೀತ" ಎಂದರು. ಮಾಲೆ ಹಾಕಿದವರು, ಕುಡಿತ ಮುಟ್ಟುವುದಿಲ್ಲ ಅಂತ. ನನ್ನ ಮಾನ ಉಳಿಸಲೆಂದೇ ಹೇಳಿದರು. ಆ ದಿನದ ಮಟ್ಟಿಗೆ ಸುಳ್ಳೂ ಅಲ್ಲ. ಕೊರಳಲ್ಲಿ ಮಾಲೆ ಕಾಣುತ್ತಿತ್ತು, ಡಾಕ್ಟರ್ ಕಾಗದದಲ್ಲಿ ಹಾಗೇ ಬರೆಯಲು ಹೊರಟರು.

ಸುತ್ತ ಹತ್ತು ಜನ. ಅದರಲ್ಲಿ ನಮ್ಮ ಓಣಿಯ ಒಬ್ಬ ಹೆಂಗಸೂ ಮಗನ ಕಾಲು ಮುರಿದದ್ದಕ್ಕೆ ಅವನನ್ನು ಕರೆದುಕೊಂಡು ಬಂದಿದ್ದಳು. ಚಾಳಿಗೆ ಗೊತ್ತಿದ್ದರೂ, ಒಂಬತ್ತು ವರ್ಷ ನಾನಾಗಿ ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳದ ಮಾತು. ಊರಿನಿಂದ ಅಪ್ಪ ಬಂದಾಗ "ಅವರಿಗೆ ನೈಟ್ ಡ್ಯೂಟಿ" ಎಂದು ಹೇಳಿ ಮಲಗಿಸಿದ್ದೆ. ಕಾರ್ಖಾನೆಯಿಂದ ಕೇಳಿಕೊಂಡು ಬಂದರೆ "ಹೊಟ್ಟೆನೋವು" ಎಂದಿದ್ದೆ. ಸುಳ್ಳು ನನ್ನ ನಾಲಗೆಗೆ ರೂಢಿಯಾಗಿತ್ತು.

"ಕುಡೀತಾರ್ರಿ," ಎಂದೆ. ಕನ್ನಡದಲ್ಲೇ ಬಂತು, ಆಮೇಲೆ ಗಟ್ಟಿಯಾಗಿ ನನಗೆ ಬಂದ ಮರಾಠಿಯಲ್ಲಿ ಹೇಳಿದೆ. "ನಊ ವರ್ಷಂ. ರೋಜ್. ಶುಕ್ರವಾರಪಾಸೂನ್ ಬಂದ್." ಒಂಬತ್ತು ವರ್ಷ, ದಿನಾ, ಶುಕ್ರವಾರದಿಂದ ನಿಂತಿದೆ ಅಂತ.

ಡಾಕ್ಟರ ಪೆನ್ನು ನಿಂತಿತು. "ಸಕಾಳೀ ಪಣ?" ಬೆಳಿಗ್ಗೆಯೂ ಕುಡಿಯುತ್ತಿದ್ದರೇ?

ನಾನು ಎರಡೂ ಕೈ ಮುಂದೆ ಚಾಚಿ ನಡುಗಿಸಿ ತೋರಿಸಿದೆ. ಗ್ಲಾಸು ಎತ್ತಿದ ಹಾಗೆ ಮಾಡಿ, ಮತ್ತೆ ಕೈ ಸ್ಥಿರ ಮಾಡಿ ತೋರಿಸಿದೆ. ಅವರಿಗೆ ಅಷ್ಟು ಸಾಕಾಯಿತು. ಬರೆದದ್ದನ್ನು ಹೊಡೆದುಹಾಕಿ, ನರ್ಸನ್ನು ಕೂಗಿ, ಬೇರೆ ಸೂಜಿ ತರಿಸಿದರು.

ಆಮೇಲೆ ಬಿಡುವಾದಾಗ ಅವರು ನನ್ನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು. ಇಷ್ಟು ವರ್ಷ ದಿನವಿಡೀ ಕುಡಿದ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ನರಗಳು ತಿರುಗಿ ಬೀಳುತ್ತವೆ, ಇಲ್ಲದ್ದು ಕಾಣುತ್ತದೆ, ಇರುವೆ, ಹಾವು, ಕೆಲವರಿಗೆ ತಮ್ಮ ಕೆಲಸದ ಜಾಗವೇ ಕಾಣುತ್ತದೆ, ಜೀವವೂ ಹೋಗುತ್ತದೆ ಎಂದರು. ಇವರು ಕುಡಿಯದವರು ಎಂದು ತಿಳಿದಿದ್ದರೆ ಮಿದುಳು ಜ್ವರದ ದಾರಿಯಲ್ಲಿ ಹುಡುಕುತ್ತ ಹೊತ್ತು ಕಳೆಯುತ್ತಿದ್ದೆ ಎಂದೂ ಹೇಳಿದರು.

"ಹಂಗಾದ್ರ ಬಿಡಸಬಾರದಿತ್ತೇನ್ರಿ?" ಎಂದು ಕೇಳಿದೆ.

ಅದಕ್ಕೆ ಅವರು ತಲೆ ಅಲ್ಲಾಡಿಸಿದರು. ಬಿಡಿಸಲೇಬೇಕು, ಆದರೆ ಇಲ್ಲಿಗೆ ತಂದು ಬಿಡಿಸಬೇಕು, ಔಷಧದ ಆಸರೆ ಕೊಟ್ಟು ಇಳಿಸಬೇಕು ಎಂದರು. "ದೇವಾಲಾ ಪಣ ಸಾಂಗಾ, ಆಮ್ಹಾಲಾ ಪಣ ಸಾಂಗಾ." ದೇವರಿಗೂ ಹೇಳಿ, ನಮಗೂ ಹೇಳಿ. ಆಕೆ ನಗದೆ ಹೇಳಿದ ಆ ಮಾತು ನನಗೆ ಒಂದು ಉಪದೇಶವಾಗಿಯೇ ಉಳಿದಿದೆ.

ಬದುಕುತ್ತಾರೆ ಎಂದು ಮಾತ್ರ ಅವರು ಹೇಳಲಿಲ್ಲ. ಎರಡು ದಿನ ನೋಡಬೇಕು ಎಂದರು.

ನರ್ಸ್ ಮಾಲೆ ತೆಗೆದು ನನ್ನ ಕೈಗೆ ಕೊಟ್ಟಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಯಜಮಾನರ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಕಟ್ಟಿದ ಕೈಯ ಬೆರಳು ಭಾನುವಾರ ಸಂಜೆಯತನಕ ತಿರುಗುತ್ತಲೇ ಇದ್ದವು. ಸೋಮವಾರ ನಿಧಾನವಾದವು. ಮಂಗಳವಾರ ನಿಂತವು, ಮತ್ತು ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ನಾನು ಪದೇ ಪದೇ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರು ಬೆಚ್ಚಗೆ ತಾಗುತ್ತಿತ್ತು.

ಆ ವಾರ್ಡಿನಲ್ಲಿ ಕೂತಾಗಲೇ ನನಗೆ ಈ ಊರಿನ ಕುಡಿತ ಎಷ್ಟು ದೊಡ್ಡದು ಎಂದು ತಿಳಿದದ್ದು. ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದವರು, ಕಾಲುವೆಯಲ್ಲಿ ಬಿದ್ದು ತಲೆ ಒಡೆದುಕೊಂಡವರು, ಎದುರಿನ ಹೆಂಗಸರ ವಾರ್ಡಿನಲ್ಲಿ ನಿದ್ದೆಗುಳಿಗೆ ನುಂಗಿ ನುಂಗಿ ಎಚ್ಚರವೇ ಇಲ್ಲದ ಒಬ್ಬ ಕಾಲೇಜು ಹುಡುಗಿ. ಆಕೆಯ ತಾಯಿ ಮೋಟಾರಿನಲ್ಲಿ ಬರುವ ಹೆಂಗಸು, ಆದರೆ ನನ್ನ ಹಾಗೇ ನೆಲದ ಮೇಲೆ ಕೂತಿದ್ದಳು. ಪ್ರತಿ ಮಂಚದ ಪಕ್ಕದಲ್ಲೂ ಒಬ್ಬ ಹೆಂಗಸು, ಮತ್ತು ಪ್ರತಿಯೊಬ್ಬಳೂ ಮೊದಲು ಹೇಳುತ್ತಿದ್ದ ಮಾತು ಒಂದೇ. "ನಮ್ಮವರು ಹೆಚ್ಚು ಕುಡಿಯೋದಿಲ್ಲ." ನಾನು ಸುಮ್ಮನೆ ಕೂರದೆ ಇಬ್ಬರಿಗೆ ಹೇಳಿದೆ. ಡಾಕ್ಟರ್ ಮುಂದೆ ಖರೇ ಹೇಳ್ರಿ, ಮಾನ ಆಮ್ಯಾಲೆ ತೊಳಕೊಳ್ಳಬಹುದು.

ಮುಂದಿನ ವರ್ಷಗಳ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಯಜಮಾನರು ಒಮ್ಮೆ ಜಾರಿದರು, ಜೊತೆಯವನ ಮದುವೆಯಲ್ಲಿ. ನಾನು ಅಳಲಿಲ್ಲ, ಆಣೆ ಹಾಕಿಸಲಿಲ್ಲ. ಮರುದಿನ ಬೆಳಿಗ್ಗೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾಲೆಯನ್ನು ಅವರು ಮತ್ತೆ ಹಾಕಿಕೊಂಡದ್ದು ಮುಂದಿನ ಆಷಾಢಕ್ಕೆ, ತಾವಾಗಿಯೇ ಕೇಳಿ. ಅಲ್ಲಿಂದ ಅದು ಇಳಿಯಲಿಲ್ಲ. ಇನ್ನು ಬುವಾ ಅವರ ಸಂಗತಿ. ಆಮೇಲೆ ಮಾಲೆ ಕೇಳಿಕೊಂಡು ಬಂದ ಪ್ರತಿ ಗಂಡಸಿಗೂ ಅವರು ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. "ಮುಂಜಾನೆ ಕೈ ನಡುಗ್ತಾವೇನು?" ನಡುಗುತ್ತವೆ ಎಂದರೆ, "ಮೊದಲು ದವಾಖಾನಿಗೆ ಹೋಗಿ ಬಾ. ಮಾಲಿ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು. ಹೀಗೆ ಹೋಗಿ ಬಂದವರು ನಮ್ಮ ಚಾಳಿನಲ್ಲೇ ಇದ್ದರು. ಅವರ ಹೆಂಡತಿಯರು ಸಂಕ್ರಾಂತಿಗೆ ನನಗೆ ಎಳ್ಳು ಬೆಲ್ಲ ಕೊಡುವಾಗ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿದ್ದರು.

ಇದೆಲ್ಲ ಆಮೇಲಿನದು. ಬುಧವಾರ ಬೆಳಿಗ್ಗೆ ನನಗೆ ಇದಾವುದೂ ಗೊತ್ತಿರಲಿಲ್ಲ. ವಾರ್ಡಿನಲ್ಲಿ ಕಸ ಗುಡಿಸುವವಳು ಬಂದು ನನ್ನನ್ನು ಏಳಿಸಿದಳು. ಎದ್ದು ನೋಡಿದರೆ ಯಜಮಾನರು ಕಣ್ಣು ತೆರೆದು ಮೇಲಿನ ಫ್ಯಾನು ನೋಡುತ್ತಿದ್ದರು. ಅವರ ಕಣ್ಣಿಗೆ ಕಂಡದ್ದು ಫ್ಯಾನೇ, ಇಲ್ಲದ್ದೇನೂ ಕಾಣುತ್ತಿರಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಯಾವ ವಾರ ಇವತ್ತ?"

"ಬುಧವಾರ."

"ಡ್ಯೂಟಿ ತಪ್ಪಿತಲ್ಲ." ಕೈ ಎತ್ತಲು ಹೋಗಿ ಕಟ್ಟಿದ್ದನ್ನು ಕಂಡರು. ಗದ್ದ ಬಗ್ಗಿಸಿ ಕೊರಳು ನೋಡಿಕೊಂಡರು. ಮಾಲೆ ಇರಲಿಲ್ಲ. ಮುಖ ಬಾಡಿಹೋಯಿತು. "ಮತ್ತ ಕುಡದ್ನೇನು ನಾ? ಮಾಲಿ ಹರದ್ನೇನು?"

"ಇಲ್ರಿ," ಎಂದೆ. ಸೆರಗಿನ ಗಂಟು ಬಿಚ್ಚಿ ತೋರಿಸಿದೆ. "ಮಾಲಿ ಇಲ್ಲೈತಿ. ನೀವು ಒಂದು ಹನಿ ಮುಟ್ಟಿಲ್ಲ. ಇವತ್ತಿಗೆ ಆರು ದಿನ ಆತು."

"ಆರು ದಿನ," ಎಂದರು. ಗೋಡೆಯ ಕಡೆ ಮುಖ ಮಾಡಿದರು. ಭುಜ ಅಲುಗುತ್ತಿತ್ತು. ನರ್ಸ್ ಬಂದು ಕೈಕಟ್ಟು ಬಿಚ್ಚಿದಳು. ಆ ಕೈ ಇನ್ನೂ ನಡುಗುತ್ತಿತ್ತು, ಆದರೆ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. "ಹಸಿವ್ಯಾಗೈತಿ."

ಒಂಬತ್ತು ವರ್ಷದಲ್ಲಿ ಬೆಳಗಿನ ಹೊತ್ತು ಅವರ ಬಾಯಿಂದ ನಾನು ಆ ಮಾತು ಕೇಳಿರಲಿಲ್ಲ. ತೆಳ್ಳಗೆ ಗಂಜಿ ಕೊಡಬಹುದು, ಹಾಲು ಹಾಕಿ, ಹೆಚ್ಚು ಬೇಡ ಎಂದಳು ನರ್ಸ್. ಮಾಲೆಯನ್ನು ಮತ್ತೆ ಗಂಟು ಹಾಕಿಕೊಂಡು, ಅಲ್ಲೇ ನಿಂತು ಎರಡೂ ಕೈ ಮುಗಿದು, ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದೆ. ಮಗಳು ಮೇಲಿನಿಂದ ನನ್ನ ಮುಖ ನೋಡಿಯೇ ಆಪಾಳನ್ನು ಕೂಗಿದಳು. ಆಪಾ ಹಾಲಿನ ಪಾತ್ರೆ ತಂದು ಕಟ್ಟೆಯ ಮೇಲಿಟ್ಟು, ಏನೂ ಕೇಳದೆ ನನ್ನ ಬೆನ್ನು ತಟ್ಟಿ ಹೋದಳು. ನಾನು ಸ್ಟೋವಿಗೆ ಪಂಪ್ ಹೊಡೆದು ಹಚ್ಚಿ, ಬಾಣಲೆ ಇಟ್ಟು, ಗಂಜಿಗೆಂದು ಎರಡು ಹಿಡಿ ರವೆ ಹಾಕಿ ಹುರಿಯತೊಡಗಿದೆ.